ನಡುಮನೆಯಲ್ಲಿ ಮಲಗಬೇಡಿ

ಬನಶಂಕರಿ ಎರಡನೇ ಹಂತ
ಮಂಗಳವಾರ ಮಧ್ಯಾಹ್ನ

ನಾಗಲಕ್ಷ್ಮಮ್ಮ ಆಂಟಿಯವರಿಗೆ,

ದೇವಸ್ಥಾನದಿಂದ ಬಂದ ಕೂಡಲೇ ನಿಮ್ಮ ಹಾಸಿಗೆಯನ್ನು ಹಿಂದಿನ ಕೋಣೆಯಲ್ಲಿ ಹಾಕಿಕೊಳ್ಳಿ. ಇಂದು ನಡುಮನೆಯಲ್ಲಿ ಮಲಗಬೇಡಿ.

ನಿಮ್ಮ ನಡುಮನೆಯ ಚಾವಣಿಯ ಬಿಳಿ ಕಲೆ ಮಳೆನೀರಿನದು ಎಂದು ನಾನು ಹೇಳಿದ್ದು ಸುಳ್ಳು. ಅದು ಉಪ್ಪು. ನನ್ನ ಮೀನಿನ ತೊಟ್ಟಿ ಎರಡು ತಿಂಗಳಿಂದ ಸೋರುತ್ತಿದೆ. ಇವತ್ತು ಬೆಳಿಗ್ಗೆ ಅದರಡಿಯ ನೆಲ ಬಿರುಕು ಬಿಟ್ಟಿದೆ. ಮೇಲೆ ಎಂಟುನೂರು ಲೀಟರ್ ಉಪ್ಪುನೀರಿದೆ.

ಅಂಗೈಯಷ್ಟಿದ್ದ ಏಂಜೆಲ್ ಮೀನು ಅಡಿಯುದ್ದ ಬೆಳೆದಾಗ ನಿಮ್ಮನ್ನು ಕೇಳದೆ ದೊಡ್ಡ ತೊಟ್ಟಿ ತರಿಸಿದೆ. "ನನ್ ಅಡುಗೆಮನೆಗಿಂತ ದೊಡ್ಡದಾಯ್ತಲ್ಲೇ ನಿನ್ ಮೀನಿನ ಮನೆ!" ಎಂದು ನೀವು ನಕ್ಕಿದ್ದಿರಿ. ಆಗಲೂ ನಾನು ಭಾರದ ಮಾತೆತ್ತಲಿಲ್ಲ. ಗೊತ್ತಿರಲಿಲ್ಲವೇ ಅಥವಾ ಗೊತ್ತಾಗುವುದು ಬೇಡವಾಗಿತ್ತೇ?

ಮೀನನ್ನು ಒಯ್ಯಲು ಅಂಗಡಿಯವರು ನಾಳೆ ಬೆಳಿಗ್ಗೆ ಬರುತ್ತಾರೆ. ಈಗಲೇ ನೀರು ಖಾಲಿ ಮಾಡಿದರೆ ಅದು ಸಾಯುತ್ತದೆ. ಹಾಗೆಂದು ನಿಮ್ಮ ತಲೆಯ ಮೇಲೆ ಅದನ್ನು ಇನ್ನೊಂದು ರಾತ್ರಿ ಇಡಲು ನಾನು ಯಾರು? ಎದುರು ನಿಂತು ಕೇಳುವ ಧೈರ್ಯ ಬರದೆ ಈ ಚೀಟಿಯನ್ನು ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ.

ನೀರು ಹೊರಬಿಡುವ ಪೈಪನ್ನು ತೊಟ್ಟಿಗೆ ಇಳಿಸಿ ಪಕ್ಕದಲ್ಲೇ ಕೂತಿರುತ್ತೇನೆ. ತಿನ್ನಲು ಏನೋ ಕೊಡುತ್ತೇನೆಂದು ಮೀನು ಆಗಲೇ ನನ್ನ ಕೈ ಹತ್ತಿರ ಬಂದು ನಿಂತಿದೆ. ಆಂಟಿ, ಈಗಲೇ ಖಾಲಿ ಮಾಡು ಅನ್ನುವುದಾದರೆ ಕೆಳಗಿನಿಂದ ಒಂದು ಕೂಗು ಹಾಕಿ. ಮಾಡುತ್ತೇನೆ.

ಮೇಲಿನ ಮನೆಯ
ಸಂಘಮಿತ್ರಾ