ಸ್ಯಾಮ್ಸನನಿಗೆ ಕೊಡದ ಚೀಟಿ

ಭಾಲ್ಕಿ
ಮಾರ್ಗಶಿರ ಬಹುಳ ಪಂಚಮಿ, ಫಸಲಿ ೧೩೩೮

ತಾಯಿಗೆ ಸಮಾನಳಾದ ಅಕ್ಕ ಗುರಮ್ಮನಿಗೆ ತಮ್ಮ ಹಾವಗೆಪ್ಪನ ಶರಣಾರ್ಥಿಗಳು.

ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ವಾಡಿಕೆ. ಮೈಗೆ ಕ್ಷೇಮ, ಅಷ್ಟೇ. ನೀನು ದೀಪಾವಳಿಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ನಮ್ಮ ಹತ್ತಿ ಕಾರ್ಖಾನೆಯ ಇಂಜಿನ್ ನಿಂತು ಇಂದಿಗೆ ಒಂಬತ್ತು ದಿನ. ಹಲಬರ್ಗಾದಿಂದ ಬಂದ ಬಂಡಿಗಳು ಬಾಗಿಲಲ್ಲಿ ಮೂರು ದಿನ ಕಾದು ಉದಗೀರದ ದಾರಿ ಹಿಡಿದವು. ಕೂಲಿ ಹೆಂಗಸರು ಬೆಳಿಗ್ಗೆ ಬಂದು, ಗೋಡೆಗೆ ಒರಗಿ ಕೂತು, ಮಧ್ಯಾಹ್ನ ಎದ್ದು ಹೋಗುತ್ತಾರೆ. ಉದಗೀರದಿಂದ ಚಾಂದ ಪಾಶಾ ಎಂಬ ಮಿಸ್ತ್ರಿಯನ್ನು ಕರೆಸಿದೆ. ಅವನು ಒಂದು ದಿನವೆಲ್ಲ ತಿಣುಕಿ, "ಸಾವಕಾರ್ರೆ, ಈ ಇಂಜಿನ್ನಿಗಿ ಒಬ್ಬನ ಕೈ ರೂಢಿ ಆಗ್ಯಾದ. ಅವನಿಗೇ ಕರಸ್ರಿ," ಎಂದು ಚಹಾ ಕುಡಿದು ಹೋದ.

ಅವನೆಂದರೆ ನಮ್ಮ ಸ್ಯಾಮ್ಸನ, ಮಿಶನ್ ಸಾಲೆಯಲ್ಲಿ ಕಲಿತ ಇಂಜಿನ್ ಮಿಸ್ತ್ರಿ. ನೀನು ಬಂದಾಗ ಬೀಸುವ ಕಲ್ಲಿನ ಗೂಟ ಸರಿಮಾಡಿಕೊಟ್ಟವನು. ಅವನಿಗಿಂತ ಮೊದಲು ನಾಲ್ವರು ಬಂದರು, ಕೆಲಸ ಕಲಿತರು, ಹೋದರು. ಒಬ್ಬನನ್ನು ಲಾತೂರಿನವರು ಎಳೆದುಕೊಂಡರು, ಇನ್ನೊಬ್ಬ ಸೊಲ್ಲಾಪುರದ ಗಿರಣಿ ಸೇರಿದ. ನಾನೇನು ಮಿಸ್ತ್ರಿಗಳಿಗೆ ಸಾಲೆ ಇಟ್ಟಿದ್ದೇನೆಯೇ? ಇವನನ್ನಾದರೂ ಉಳಿಸಿಕೊಳ್ಳಬೇಕೆಂದು ಪಗಾರ ಹೆಚ್ಚಿಸಿದೆ, ಕಾರ್ಖಾನೆಯ ಪಕ್ಕದಲ್ಲೇ ಕೋಣೆ ಕಟ್ಟಿಸಿಕೊಟ್ಟೆ. ಹಬ್ಬದ ಹೋಳಿಗೆಯ ಮೊದಲ ತಾಟು ಅವನಿಗೇ. "ಹೆಂಡತಿಗಿಂತ ಅವನ ಮ್ಯಾಲೇ ನಿಮ್ಮ ಜೀವ ಅದ," ಎಂದು ಶಿವಕಾಂತಾ ನನ್ನನ್ನು ಛೇಡಿಸುತ್ತಿದ್ದಳು.

ಬೀದರಿನ ಮಿಶನ್ ದವಾಖಾನೆಯ ನರ್ಸ್ ರೂತಳ ಜೊತೆ ಅವನ ಮದುವೆ ನಿಶ್ಚಯವಾಗಿತ್ತು. ಶ್ರಾವಣದಲ್ಲಿ ಅವನು ಸಿಕಂದರಾಬಾದಿನ ರೈಲು ಕೆಲಸಕ್ಕೆ ಅರ್ಜಿ ಹಾಕಿದ್ದ. ಕುಡುಕನೆಂದು ತಿಳಿದುಬಂದಿದೆ, ಕೆಲಸವಿಲ್ಲ ಎಂದು ಉತ್ತರ ಬಂತು. ಅದೇ ಮಾತನ್ನು ಅಲ್ಲಿಯ ಸಾಹೇಬ, ಅರ್ಜಿಗೆ ಶಿಫಾರಸು ಮಾಡಿದ್ದ ಬೀದರಿನ ಪಾದ್ರಿಗಳಿಗೂ ಬರೆದ. ಅವರ ಪಂಥದಲ್ಲಿ ಹೆಂಡ ಮುಟ್ಟುವಂತಿಲ್ಲ. ಪಾದ್ರಿಗಳು ಮದುವೆ ತಡೆದರು. ರೂತಳ ತಂದೆ ನಿಶ್ಚಯದ ಸೀರೆ ಹಿಂದಕ್ಕೆ ಕಳಿಸಿದ.

ಬೀದರಿಗೆ ಹೋಗಿ ಬಂದ ಸ್ಯಾಮ್ಸನ ನೆಟ್ಟಗೆ ನನ್ನ ಗಾದಿಯ ಮುಂದೆ ನಿಂತ. "ಯಾರೋ ನನ್ನ ಮ್ಯಾಲ ಸುಳ್ಳು ಬರದಾರ್ರಿ ಸಾವಕಾರ್ರೆ. ಆರು ವರ್ಷ ನಿಮ್ಮ ಕಣ್ಣ ಮುಂದ ಇದ್ದೇನಿ. ನಾ ಕುಡಿಯಂಗಿಲ್ಲ ಅಂತ ಪಾದ್ರಿಯವ್ರಿಗಿ ಒಂದು ಚೀಟಿ ಬರದು ಕೊಡ್ರಿ. ನಿಮ್ಮ ಮಾತು ನಂಬ್ತಾರ," ಅಂದ.

"ಹಂಗಾಮ ಮುಗೀಲಿ, ಕೊಡ್ತೇನಿ," ಅಂದೆ.

ಶಿವಕಾಂತಾ ಒಳಗಿನಿಂದಲೇ, "ದೌತಿ ಎದುರಿಗೇ ಅದ. ಎರಡು ಸಾಲು ಬರೀಲಾಕ ಹಂಗಾಮ ಯಾಕ ಮುಗೀಬೇಕ್ರಿ?" ಎಂದಳು. ನಾನು ಬರೆಯಲಿಲ್ಲ. ಅವನು ಮೂರು ದಿನ ಕೇಳಿದ. ನಾಲ್ಕನೆಯ ದಿನ ಇಂಜಿನ್ ಒರೆಸಿಟ್ಟು, ಕೀಲಿಕೈ ನನ್ನ ಮುಂದಿಟ್ಟು, "ಈ ಊರಾಗ ಮಾರಿ ತೋರ್ಸಲಾಕ ಆಗಂಗಿಲ್ಲರಿ," ಎಂದು ಕೈಮುಗಿದು ಹೋದ.

ಈಗ ನಿಮ್ಮ ಔರಾದಿನಲ್ಲೇ ತನ್ನ ಚಿಕ್ಕಮ್ಮ ಹೆಲೆನಳ ಮನೆಯಲ್ಲಿದ್ದಾನಂತೆ. ಅಕ್ಕ, ನೀನೇ ಹೋಗಿ ಕರೆ. ಕೇಳಿದ್ದು ಕೊಡುತ್ತೇನೆಂದು ಹೇಳು. ನಿನ್ನ ಮಾತು ಅವನು ತೆಗೆದುಹಾಕಲಾರ. ನನಗೆ ಕೈಕಾಲು ಆಡುತ್ತಿಲ್ಲ. ಈ ಹಂಗಾಮು ಕೈತಪ್ಪಿದರೆ ಕಾರ್ಖಾನೆ ಉಳಿಯದು.

ಭಾವನವರಿಗೆ ಶರಣು ತಿಳಿಸು. ಮಕ್ಕಳಿಗೆ ಈ ಮಾವನ ಆಶೀರ್ವಾದ. ಓದಲಿ, ನೂರು ವರ್ಷ ಬಾಳಲಿ.

ನಿನ್ನ ತಮ್ಮ
ಹಾವಗೆಪ್ಪ

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ಸ್ಯಾಮ್ಸನನ ನಡತೆ ಹೇಗೆಂದು ರೈಲಿನವರು ನನ್ನನ್ನೇ ಕೇಳಿ ಬರೆದಿದ್ದರು. ಒಳ್ಳೆಯವನೆಂದರೆ ಹೋಗಿಬಿಡುತ್ತಾನೆ. ಕುಡಿಯುತ್ತಾನೆಂದು ಬರೆದವನು ನಾನೇ ಅಕ್ಕ. ಆಗಷ್ಟೇ ಪೂಜೆ ಮುಗಿಸಿ ಕೂತಿದ್ದೆ, ಹಣೆಯ ಮೇಲೆ ಇಭೂತಿ ಇತ್ತು. ಚೀಟಿ ಕೊಟ್ಟರೆ ಹಳೆಯ ಕಾಗದ ಹೊರಗೆ ಬಂದೀತೆಂದು ಹೆದರಿದೆ. ಶಿವಕಾಂತಾಳಿಗೂ ಹೇಳಿಲ್ಲ.

ಅವನನ್ನು ಕರೆಯಬೇಡ. ನಾನು ಬರೆದದ್ದು ಸುಳ್ಳೆಂದು ಪಾದ್ರಿಗಳಿಗೆ ಬರೆದು, ಕಾರ್ಖಾನೆಯ ಮೊಹರು ಒತ್ತಿ, ಇದರಲ್ಲೇ ಇಟ್ಟಿದ್ದೇನೆ. ಅವನ ಕೈಗೇ ಕೊಡು. ಮೊದಲು ತಾನು ಓದಲಿ, ಆಮೇಲೆ ಬೀದರಿಗೆ ಒಯ್ಯಲಿ. ನನಗೆ ಏನು ಅನ್ನುತ್ತಾನೋ ಅನ್ನಲಿ.

ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು ಅವನು ಇನ್ನೊಂದು ಮಾತು ಹೇಳಿದ್ದ. ಮೇಲೆ ಬರೆಯಲು ಕೈ ಬರಲಿಲ್ಲ. "ಎಲ್ಲಾರೂ ಅಂದ್ರು. ನೀವೊಬ್ಬರೇ ನನಗ ಕುಡುಕ ಅನ್ಲಿಲ್ಲ ನೋಡ್ರಿ."