ನಿನ್ನ ಸಾರಿನ ತಪ್ಪಲ್ಲ

ಚನ್ನಪಟ್ಟಣ
೧೨ ಆಗಸ್ಟ್ ೨೦೨೪

ಮಗಳು ಪ್ರತಿಮಾಗೆ ಇದ್ರೀಸ್ ಮಾಮನ ಆಶೀರ್ವಾದ.

ನಿಮ್ಮಪ್ಪನ ತಿಥಿ ಕಳೆದು ಎರಡು ತಿಂಗಳಾಯಿತು. ನಿಮ್ಮ ಬೈರಾಪಟ್ಟಣಕ್ಕೆ ಬೇಕಾದಷ್ಟು ಬಸ್ಸಿದ್ದರೂ ಬಾರದೆ, ಈಗ ಕಾಗದ ಬರೆಯುತ್ತಿದ್ದೇನೆ. ಕ್ಷಮಿಸು ತಾಯಿ.

ಮೊನ್ನೆ ನಿಮ್ಮನೆಗೆ ಬಂದಿದ್ದ ನನ್ನ ಹೆಂಡತಿ ಮುನ್ನೀ ವಾಪಸ್ಸು ಬಂದು ಅತ್ತಳು. ನೀನು ಸಾರಿಗೆ ಖಾರ ಹಾಕುವುದನ್ನೇ ಬಿಟ್ಟಿದ್ದೀಯಂತೆ. "ನನ್ ಸಾರಿನ ಖಾರವೇ ಅಪ್ಪನ ಹೊಟ್ಟೆ ಸುಟ್ಬುಡ್ತು ಕಣತ್ತೆ" ಅಂದೆಯಂತೆ. ಅಯ್ಯೋ ಹುಚ್ಚಿ! ನಿಮ್ಮಪ್ಪ ದೊಡ್ಡಹನುಮಯ್ಯ ನಲವತ್ತು ವರ್ಷ ನನ್ನ ಪಕ್ಕದ ಮಿಷನ್ನಿನಲ್ಲಿ ಗೊಂಬೆ ಕಡೆದವನು. ಮಧ್ಯಾಹ್ನ ಬುತ್ತಿ ಬಿಚ್ಚಿ, ನಿನ್ನ ಹುರುಳಿ ಸಾರು ಉಂಡು, ಮೂಗು ಒರೆಸಿಕೊಂಡು ನಗುತ್ತಿದ್ದ. ಆ ಖಾರಕ್ಕೆಲ್ಲ ಜಗ್ಗುವ ಆಸಾಮಿಯಲ್ಲ ಅವನು.

ಮಂಡಿನೋವಿಗೆ ಅವನು ದಿನಾ ಮಾತ್ರೆ ನುಂಗುತ್ತಿದ್ದ. ಅವನನ್ನು ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು: "ಮಂಡಿಗೆ ಪೆಟ್ಟಾದ್ರೆ ಮೈಯೊಳಗೆ ನೋವು, ಊತ ತರೋ ಒಂದು ರಸ ಹುಟ್ಟುತ್ತೆ. ನೋವಿನ ಮಾತ್ರೆ ಅದನ್ನ ಹುಟ್ಟೋಕೇ ಬಿಡಲ್ಲ, ಅದಕ್ಕೇ ಆರಾಮ. ಆದ್ರೆ ಹೊಟ್ಟೆಯ ಒಳಗೋಡೆನ ಆಸಿಡ್‌ನಿಂದ ಕಾಯೋದೂ ಅಂಥದ್ದೇ ರಸ. ಮಂಡಿ ಯಾವುದು, ಹೊಟ್ಟೆ ಯಾವುದು ಅಂತ ಮಾತ್ರೆಗೆ ಗೊತ್ತಾಗಲ್ಲ. ಎರಡೂ ಕಡೆ ನಿಲ್ಲಿಸಿಬಿಡುತ್ತೆ."

ನನಗೆ ತಿಳಿದದ್ದು ಇಷ್ಟು: ಮೇಲಿನ ಅರಗು ಕೆರೆದ ಮರದ ಗೊಂಬೆಯನ್ನು ನೀರಿಗೆ ಹಾಕಿದ ಹಾಗೆ. ಒಳಗೇ ಹುಣ್ಣಾಗಿ ರಕ್ತ ಸೋರಿತ್ತು. ಬೇದಿ ಕಪ್ಪಗಾಗುತ್ತಿದೆ ಅಂತ ಒಂದು ದಿನ ಅವನೇ ಹೇಳಿದ್ದ. "ರಾಗಿ ಉಣ್ಣೋನ್ಗೆ ಇನ್ನೇನ್ಲಾ, ಬೆಳ್ಳಗಾಯ್ತದಾ?" ಅಂದ. ನಾನೂ ನಕ್ಕೆ. ಆ ಕಪ್ಪು ಹೊಟ್ಟೆಯೊಳಗೆ ಸೋರಿದ ರಕ್ತದ್ದು ಅಂತ ಆಮೇಲೆ ತಿಳಿಯಿತು.

ತಪ್ಪು ನಿನ್ನ ಒಲೆಯದ್ದಲ್ಲ, ತಾಯಿ. ನಾಳೆಯೇ ಮೆಣಸಿನಕಾಯಿ ಹುರಿದು ಸಾರು ಮಾಡು, ಮಕ್ಕಳು ಉಣ್ಣಲಿ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಮಾಮ,
ಇದ್ರೀಸ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. "ಮಾತ್ರೆ ಯಾರು ಕೊಟ್ರು?" ಅಂತ ಡಾಕ್ಟರಮ್ಮ ಕೇಳಿದಾಗ ನಿಮ್ಮಪ್ಪ ನನ್ನ ಮುಖ ನೋಡಿ, "ಅಂಗಡೀಲಿ ತಕ್ಕಂಡೆ ಕಣವ್ವ" ಅಂದ. ಸುಳ್ಳು. ಅವು ನನ್ನ ಸೊಂಟನೋವಿಗೆ ಬರೆದುಕೊಟ್ಟಿದ್ದ ಮಾತ್ರೆ. ಐದು ತಿಂಗಳು, ದಿನಕ್ಕೆರಡು, ನನ್ನ ಕೈಯಾರೆ ಕೊಟ್ಟೆ. ಜೊತೆಗೆ ಹೊಟ್ಟೆ ಕಾಯುವ ಮಾತ್ರೆಯನ್ನೂ ಬರೆದಿದ್ದರು. ಅದನ್ನು ನಾನೊಬ್ಬನೇ ನುಂಗುತ್ತಿದ್ದೆ. ಡಾಕ್ಟರಮ್ಮನ ಮುಂದೆ ನಾನು ಬಾಯಿ ಬಿಡಲಿಲ್ಲ.

ನೀನು ಕರೆದರೆ ಬರುತ್ತೇನೆ. ಬಡಿಸಿದರೆ ಉಣ್ಣುತ್ತೇನೆ, ಎಷ್ಟು ಖಾರವಿದ್ದರೂ.