ಹಿತ್ತಿಲ ಗೇಟಿನ ಸಾಕ್ಷಿ

ಮಂಗಳವಾರ, ಬೆಳಿಗ್ಗೆ

ನನ್ನ ದಾರದುಂಡೆಗೆ ಅಮ್ಮನ ತುಂಬು ಪ್ರೀತಿ.

ಚೆನ್ನಾಗಿದ್ದೀಯಾ ಎಂದು ಕೇಳುವ ಕಾಲ ಇದಲ್ಲ. ಆದರೂ ಕೈ ತಾನಾಗಿಯೇ ಅದನ್ನೇ ಬರೆಯಲು ಹೋಗುತ್ತದೆ. ಶನಿವಾರ ನಿನ್ನ ಪತ್ರ ಬಂತು. ವಕೀಲರು ಹೇಳಿಕೊಟ್ಟ ಹಾಗೆ ಹೇಳಿಬಿಡಮ್ಮ, ಅಪ್ಪ ಮನೆಗೆ ಬಂದರೆ ಸಾಕು ಎಂದು ಬರೆದಿದ್ದೀಯ. ಆ ಸಾಲಿನ ಮೇಲೆ ಶಾಯಿ ಹರಡಿದೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ. ಚಿಕ್ಕಂದಿನಿಂದಲೂ ನೀನು ನನ್ನನ್ನು ಗೆದ್ದದ್ದೇ ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ. ನಾಡಿದ್ದು ಗುರುವಾರ ನಾನು ಕಟಕಟೆಯಲ್ಲಿ ನಿಲ್ಲಬೇಕು. ಅಷ್ಟರೊಳಗೆ ನಿನ್ನ ಕೈ ಸೇರಲೆಂದು ಇದನ್ನು ಇವತ್ತಿನ ಬಸ್ಸಿನಲ್ಲೇ ಕೊಟ್ಟು ಕಳಿಸುತ್ತೇನೆ.

ನಿನ್ನೆ ಅಪ್ಪನ ವಕೀಲರ ಕೋಣೆಗೆ ಹೋಗಿದ್ದೆ. ಒಳ್ಳೆಯ ಮನುಷ್ಯ. ಕುರ್ಚಿಯ ಮೇಲಿದ್ದ ಫೈಲುಗಳನ್ನು ತಾವೇ ಎತ್ತಿಟ್ಟು ನನ್ನನ್ನು ಕೂರಿಸಿ, ಮಗುವಿಗೆ ಹೇಳುವ ಹಾಗೆ ಕಾನೂನು ಬಿಡಿಸಿ ಹೇಳಿದರು. ಮನೆಗೆ ನುಗ್ಗಿದವನು ಮೈಮೇಲೆ ಬಂದರೆ, ಪ್ರಾಣಭಯ ನಿಜವಾಗಿದ್ದರೆ, ಬೇರೆ ದಾರಿಯೇ ಇಲ್ಲದಿದ್ದರೆ, ಬಂದೂಕು ಎತ್ತಿದವನನ್ನು ಕಾನೂನು ಕಾಯುತ್ತದಂತೆ. ಸಾಮಾನು ಹೊತ್ತುಕೊಂಡು ಹೊರಗೆ ಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ಕಾಯುವುದಿಲ್ಲವಂತೆ, ಅವನು ನಿಜವಾದ ಕಳ್ಳನೇ ಆಗಿದ್ದರೂ. ಕೂಗಬಹುದು, ಅಟ್ಟಿಸಿಕೊಂಡು ಹೋಗಬಹುದು, ಪೊಲೀಸರನ್ನು ಕರೆಯಬಹುದು. ಅಷ್ಟೇ. "ನೋಡಿ ತಾಯಿ, ಎಲ್ಲಾ ನಿಂತಿರೋದು ಒಂದರ ಮೇಲೆ. ಅವನು ತಿರುಗಿದ್ನಾ, ಕೈಯಲ್ಲಿ ಏನಾದ್ರೂ ಎತ್ತಿದ್ನಾ. ಕಣ್ಣಾರೆ ನೋಡಿದವರು ನೀವೊಬ್ರೇ" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡು, ಸ್ಪ್ಯಾನರ್ ಅಂತೂ ಅವನ ಜೇಬಿನಲ್ಲಿ ಇತ್ತಲ್ಲ ಎಂದರು.

ಈ ಪಾಠ ನಿನ್ನ ಅಪ್ಪನಿಗೆ ಹೊಸದಲ್ಲ. ಮೂವತ್ತೊಂದು ವರ್ಷ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂತವರು, ಒಂದೇ ಒಂದು ಗುಂಡು ಹಾರಿಸದೆ ನಿವೃತ್ತರಾದವರು. ವರ್ಷಕ್ಕೊಮ್ಮೆ ತರಬೇತಿಗೆ ಹೋಗಿ ಬಂದಾಗ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಳ್ಳನ ಮುಖ ಯಾವ ಕಡೆ, ಕೈಯಲ್ಲಿ ಏನಿದೆ ಎಂದು ಕೇಳುತ್ತಿದ್ದರಲ್ಲ. ಮುಖ ಬಾಗಿಲ ಕಡೆ ಎಂದು ನೀನು ಹೇಳಿದರೆ, "ಹಾಗಾದ್ರೆ ಬಂದೂಕು ಕೆಳಗೆ" ಎಂದು ನಿನ್ನ ಮೂಗು ಹಿಂಡುತ್ತಿದ್ದರು. ಆರನೆಯ ವಯಸ್ಸಿಗೇ ನಿನಗೆ ಗೊತ್ತಿದ್ದ ಕಾನೂನು ಅದು.

ಆ ದಿನದ ಕಥೆಯನ್ನು ನಿನಗೆ ತುಂಡು ತುಂಡಾಗಿ ಹೇಳಿದ್ದೇನೆ. ಇವತ್ತು ಒಟ್ಟಿಗೆ ಹೇಳುತ್ತೇನೆ, ಕೇಳು.

ನಿನ್ನ ಮದುವೆಯಾದಂದಿನಿಂದ ನಾನೂ ಅಪ್ಪನೂ ಮಾತು ಬಿಟ್ಟಿದ್ದು ನಿನಗೆ ಗೊತ್ತೇ ಇದೆ. ನೀನು ಆರಿಸಿಕೊಂಡ ಹುಡುಗನಿಗೆ ನಾನು ಒಪ್ಪಿದೆ ಎಂದು ಅವರ ಕೋಪ. ಮಗಳ ಸುಖಕ್ಕೆ ಒಪ್ಪದ ತಂದೆ ಎಂಥ ತಂದೆ ಎಂದು ನನ್ನ ಕೋಪ. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನಿನ್ನ ಹಳೆಯ ಸ್ಲೇಟು ನೇತುಹಾಕಿ ಹನ್ನೊಂದು ತಿಂಗಳು ಅದರಲ್ಲೇ ಸಂಸಾರ ಮಾಡಿದೆವು. ಊಟ ಮುಚ್ಚಿಟ್ಟಿದೆ. ನಲ್ಲಿ ಸೋರುತ್ತಿದೆ. ನಿಮ್ಮ ಗೊರಕೆ ಪಕ್ಕದ ಮನೆಗೂ ಕೇಳಿಸುತ್ತದಂತೆ ಎಂದು ನಾನು ಬರೆದರೆ, ಅವರಿಗೆ ನಿನ್ನ ಹೊಲಿಗೆ ಮೆಷಿನ್ನಿನ ಸದ್ದು ಕೇಳಿ ಅಭ್ಯಾಸವಾಗಿದೆ ಎಂದು ಅವರು ಕೆಳಗೆ ಬರೆಯುತ್ತಿದ್ದರು. ಓದಿ ನಾನು ಅಡುಗೆಮನೆಯಲ್ಲಿ ನಗುತ್ತಿದ್ದೆ. ಅವರು ನಡುಮನೆಯಲ್ಲಿ ನಕ್ಕಿರಬೇಕು. ಒಟ್ಟಿಗೆ ನಗಲಿಲ್ಲ ನೋಡು.

ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಎರಡು ತಿಂಗಳಲ್ಲಿ ಮೂರು ಮನೆಗಳಲ್ಲಿ ಕಳ್ಳತನವಾಯಿತು. ಮೂರೂ ಹಾಡಹಗಲೇ, ಮೂರೂ ಹಿಂಬಾಗಿಲಿನಿಂದಲೇ. ಅಪ್ಪ ಬೀರುವಿನ ಮೇಲಿಂದ ಬಂದೂಕು ಇಳಿಸಿ, ಒರೆಸಿ, ಗುಂಡು ತುಂಬಿ ಮಂಚದ ಪಕ್ಕ ಒರಗಿಸಿಟ್ಟುಕೊಂಡರು. ಅದನ್ನು ಒಳಗಿಡಿ ಎಂದು ಸ್ಲೇಟಿನಲ್ಲಿ ಬರೆದೆ. ಇಡುವುದಿಲ್ಲ ಎಂದು ಬರೆದು ಕೆಳಗೊಂದು ಗೆರೆ ಎಳೆದರು. ಬಾಯಿಬಿಟ್ಟು ಜಗಳವಾಡಿದ್ದರೆ ನಾನೇ ಗೆಲ್ಲುತ್ತಿದ್ದೆ. ಬಾಯಿ ಬಿಡಲಿಲ್ಲ.

ಆ ಬುಧವಾರ ನನ್ನ ಹೊಲಿಗೆ ಮೆಷಿನ್ ಕೆಟ್ಟು ಕೂತಿತ್ತು. ಎಣ್ಣೆ ಮಾಮನಿಗೆ ಹೇಳಿ ಕಳಿಸಿದ್ದೆ. ನೀನೇ ಇಟ್ಟ ಹೆಸರು. ರಿಪೇರಿಗೆ ಬಂದಾಗಲೆಲ್ಲ ತನ್ನ ಎಣ್ಣೆ ಡಬ್ಬಿಯನ್ನು ನಿನಗೆ ಒತ್ತಲು ಕೊಡುತ್ತಿದ್ದ. ಬಟ್ಟೆ ಫ್ಯಾಕ್ಟರಿಯಲ್ಲಿ ಮುನ್ನೂರು ಮೆಷಿನ್ನುಗಳ ನಡುವೆ ಇಪ್ಪತ್ತು ವರ್ಷ ದುಡಿದು ಅವನ ಕಿವಿ ಹೋಗಿತ್ತು. ಕರೆಗಂಟೆ ಒತ್ತುವುದು, ಒಳಗಿನವರು ಬಂದೆ ಅಂದದ್ದು ಕೇಳಿಸದೆ ಮತ್ತೆ ಮತ್ತೆ ಒತ್ತುವುದು, ಬೈಸಿಕೊಳ್ಳುವುದು. ಅದಕ್ಕೇ ನಮ್ಮಿಬ್ಬರ ನಡುವೆ ಒಂದು ವಾಡಿಕೆ ಆಗಿತ್ತು. ನಾನು ಹಿಂಬಾಗಿಲ ಚಿಲಕ ತೆಗೆದಿಡುವುದು, ಅವನು ಹಿತ್ತಿಲ ಗೇಟಿನಿಂದ ಬಂದು ಮೆಷಿನ್ನಿನ ತಲೆ ಬಿಚ್ಚಿ ಗೋಣಿಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಒಯ್ಯುವುದು. ಮಧ್ಯಾಹ್ನ ಊಟ ಮಾಡಿ ಅಪ್ಪ ಮಲಗಿದ ಮೇಲೆ, ಮೂರಕ್ಕೆ ಎಣ್ಣೆ ಮಾಮ ಬರುತ್ತಾನೆ, ಹಿಂಬಾಗಿಲು ತೆಗೆದಿದೆ ಎಂದು ಸ್ಲೇಟಿನಲ್ಲಿ ಬರೆದೆ. ಕನ್ನಡಕವಿಲ್ಲದೆಯೂ ಓದಲಿ ಎಂದು ದಪ್ಪ ಅಕ್ಷರದಲ್ಲೇ ಬರೆದೆ. ಆಮೇಲೆ ಹೊಲಿದಿಟ್ಟ ಸಮವಸ್ತ್ರಗಳಿಗೆ ಇಸ್ತ್ರಿ ಹಾಕಿ, ಗಂಟು ಕಟ್ಟಿ, ಶಾಲೆಗೆ ಕೊಟ್ಟು ಬರಲು ಹೋದೆ.

ವಾಪಸು ಬಂದು ಹಿತ್ತಿಲ ಗೇಟಿಗೆ ಕೈ ಹಾಕುವಾಗ ಅವನು ನನ್ನ ಎದುರಿಗೇ ಬರುತ್ತಿದ್ದ. ಚೀಲ ಬಲ ಹೆಗಲ ಮೇಲಿತ್ತು, ಎರಡೂ ಕೈ ಚೀಲದ ಬಾಯಿಯನ್ನು ಹಿಡಿದಿದ್ದವು. ನನ್ನನ್ನು ನೋಡಿ ನಕ್ಕ. ಗೇಟು ತೆಗಿ ಎಂದು ಗದ್ದದಿಂದ ಸನ್ನೆ ಮಾಡಿದ. ಅವನ ಹಿಂದೆ ಮೆಟ್ಟಿಲ ಮೇಲೆ ಅಪ್ಪ ನಿಂತಿದ್ದರು, ನಿದ್ದೆಗಣ್ಣಲ್ಲಿ, ಕನ್ನಡಕವಿಲ್ಲದೆ, ಬಂದೂಕು ಹಿಡಿದು. "ಯಾರೋ ಅದು, ಇಡೋ ಕೆಳಗೆ" ಎಂದು ಎರಡು ಸಲ ಕೂಗಿದರು. ಕಿವಿ ಕೇಳದವನು ಹೇಗೆ ನಿಲ್ಲುತ್ತಾನೆ? ನಾನು ಕೂಗಬಹುದಿತ್ತು. ಹನ್ನೊಂದು ತಿಂಗಳು ಅವರನ್ನು ಕರೆಯದ ಬಾಯಿ ಒಂದು ಗಳಿಗೆ ತಡವರಿಸಿತು, ಅಷ್ಟರಲ್ಲಿ ಸದ್ದಾಯಿತು. ಕಾಲಿಗೆ ಗುರಿ ಇಟ್ಟೆ ಅನ್ನುತ್ತಾರೆ ಅಪ್ಪ. ಮೂರು ಮೆಟ್ಟಿಲ ಮೇಲಿಂದ ಹೊಡೆದದ್ದು ಸೊಂಟದ ಮೇಲೆ ಬಿತ್ತು. ಬೀಳುವಾಗಲೂ ಅವನು ಚೀಲ ಬಿಡಲಿಲ್ಲ. ಮೆಷಿನ್ ನೆಲಕ್ಕೆ ಬಡಿಯಬಾರದೆಂದು ಎದೆಗೆ ಅವುಚಿಕೊಂಡೇ ಬಿದ್ದ. ಅಪ್ಪ ಹತ್ತಿರ ಬಂದು ಮುಖ ನೋಡಿದವರು ಅಲ್ಲೇ ಕುಸಿದು ಕೂತರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಮೂರನೆಯ ದಿನ ಎಣ್ಣೆ ಮಾಮ ಹೋಗಿಬಿಟ್ಟ.

ಮೊದಲ ಸಲ ಜೈಲಿಗೆ ಹೋದಾಗ ಅಪ್ಪ ನನ್ನ ಜೊತೆ ಮಾತಾಡಿದರು. ಜಾಲರಿಯ ಆಚೆ ಕೂತು, "ನಿನ್ನ ಮೆಷಿನ್ ಹೊತ್ಕೊಂಡು ಹೋಗ್ತಿದಾನೆ ಅಂದ್ಕೊಂಡೆ ಕಣೇ. ಅದಿಲ್ದೆ ನೀನೇನು ಮಾಡ್ತೀಯ ಅಂತ" ಎಂದರು. ಅವರ ಅಂಗಿಯ ತೋಳಿನ ಹೊಲಿಗೆ ಬಿಟ್ಟಿತ್ತು. ನಾನು ಅದನ್ನೇ ನೋಡುತ್ತ ಕೂತೆ.

ಕಳೆದ ವಾರ ಎಣ್ಣೆ ಮಾಮನ ಹೆಂಡತಿ ಬಂದಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಅವಳದು. ಬೈಯಲು ಬಂದಳೆಂದುಕೊಂಡೆ, ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬಾಗಿಲಲ್ಲೇ ನಿಂತು, "ನಮ್ಮವ್ರು ಸ್ಪ್ಯಾನರ್ ಎತ್ಕೊಂಡು ಹೊಡೆಯೋಕೆ ಹೋದ್ರು ಅಂತ ಕೋರ್ಟಲ್ಲಿ ಹೇಳ್ತಾರಂತೆ, ಹೌದಾ ಅಕ್ಕ" ಎಂದು ಕೇಳಿದಳು. ನಾನು ನೀರು ತಂದುಕೊಟ್ಟೆ. ಕುಡಿಯದೆ ಲೋಟವನ್ನು ಕಿಟಕಿಯ ಮೇಲಿಟ್ಟು ಹೋದಳು. ಆ ಲೋಟವನ್ನು ನಾನು ಸಂಜೆಯವರೆಗೂ ಎತ್ತಲಿಲ್ಲ.

ಅದಕ್ಕೇ ದಾರದುಂಡೆ, ಗುರುವಾರ ನಾನು ಅವನ ಎರಡೂ ಕೈ ಚೀಲದ ಮೇಲಿದ್ದವು ಎಂದೇ ಹೇಳುತ್ತೇನೆ. ಅವನು ತಿರುಗಲಿಲ್ಲ, ನನ್ನನ್ನು ನೋಡಿ ನಗುತ್ತಿದ್ದ ಎಂದೂ ಹೇಳುತ್ತೇನೆ. ಅಪ್ಪನನ್ನು ಅಮ್ಮನೇ ಕೈಯಾರೆ ಒಳಗೆ ತಳ್ಳಿದಳು ಎಂದು ನಿನಗೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸುತ್ತದೆ, ದಿನವೂ. ಮೂವತ್ತು ವರ್ಷ ಒಟ್ಟಿಗೆ ಬಾಳಿದ ಮನುಷ್ಯ, ನನ್ನ ಮೆಷಿನ್ನಿಗಾಗಿ ಎದ್ದು ಬಂದ ಮನುಷ್ಯ. ಆದರೆ ಮನೆಯ ಬಾಗಿಲು ನಾನೇ ತೆಗೆದಿಟ್ಟು ಕರೆಸಿಕೊಂಡವನನ್ನು, ಸತ್ತ ಮೇಲೆ ಕಳ್ಳ ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಇನ್ನೊಂದು ವಿಷಯ ಇದೆ. ಪೊಲೀಸರು ಬಂದಾಗ ಸ್ಲೇಟು ಖಾಲಿಯಿತ್ತು. ಎಣ್ಣೆ ಮಾಮ ಬರುವುದನ್ನು ಅದರಲ್ಲಿ ಬರೆದಿದ್ದೆ ಎಂದು ನಾನು ಹೇಳಿಕೆ ಕೊಟ್ಟಿದ್ದೆನಲ್ಲ, ಸರ್ಕಾರಿ ವಕೀಲರು ಅದನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಎದ್ದವರು ಅಡುಗೆಮನೆ ದಾಟಿಯೇ ಹಿತ್ತಿಲಿಗೆ ಬರಬೇಕು; ಓದಿದ್ದಾರೆ, ಬಂದವನು ಯಾರೆಂದು ಗೊತ್ತಿದ್ದೇ ಹೊಡೆದಿದ್ದಾರೆ, ಆಮೇಲೆ ಒರೆಸಿದ್ದಾರೆ ಎಂದು ಅವರ ವಾದ. ಕಳ್ಳನೆಂದು ತಪ್ಪು ತಿಳಿದು ಹೊಡೆಯುವುದಕ್ಕೂ ಗೊತ್ತಿದ್ದೂ ಕೊಲ್ಲುವುದಕ್ಕೂ ಶಿಕ್ಷೆಯಲ್ಲಿ ತುಂಬಾ ಅಂತರವಂತೆ. ತಾವು ಸ್ಲೇಟು ಮುಟ್ಟಿಲ್ಲ ಎಂದಷ್ಟೇ ಅಪ್ಪ ಹೇಳುತ್ತಿದ್ದಾರೆ. ಯಾರೂ ನಂಬುತ್ತಿಲ್ಲ. ಯಾರು ಒರೆಸಿದ್ದು ಎಂದು ನನ್ನನ್ನೂ ಕೇಳಿದ್ದರು. ಗೊತ್ತಿಲ್ಲ ಎಂದಿದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯನನ್ನು ಕೇಳಿದೆನೆಂದು ಹೇಳು. ನನ್ನ ಮೇಲೆ ಸಿಟ್ಟು ಬಂದರೆ ಇಟ್ಟುಕೊಳ್ಳಬೇಡ, ಬಂದು ನನ್ನ ಮುಖದ ಮೇಲೇ ಹೇಳು.

ಇಂತು ನಿನ್ನವಳೇ ಆದ,
ಅಮ್ಮ

ತಾ.ಕ.: ಸ್ಲೇಟು ಒರೆಸಿದ್ದು ನಾನು. ಎಂಟು ತಿಂಗಳಿಂದ ಇದನ್ನು ನುಂಗಿಕೊಂಡು ಕೂತಿದ್ದೇನೆ. ಗುರುವಾರ ಕೋರ್ಟಿನಲ್ಲಿ ಇದನ್ನೂ ಹೇಳುತ್ತೇನೆ. ಆ ದಿನ ಬೆಳಿಗ್ಗೆ ಅಪ್ಪ ಸ್ಲೇಟಿನಲ್ಲಿ ಒಂದು ಸಾಲು ಬರೆದಿದ್ದರು: "ಮಗಳು ಯಾವಾಗ ಬರುತ್ತಾಳೆ? ಕರಿ." ಹನ್ನೊಂದು ತಿಂಗಳಲ್ಲಿ ಅವರು ನಿನ್ನ ಮಾತೆತ್ತಿದ್ದು ಅದೇ ಮೊದಲು. ಓದಿ ಕಣ್ಣು ತುಂಬಿತು, ಆಮೇಲೆ ಸಿಟ್ಟು ಬಂತು. ಇಷ್ಟು ದಿನ ಉರಿಸಿ ಈಗ ಬಳಪದಲ್ಲಿ ಕೇಳಿದರೆ ಆಯಿತೇ, ಬಾಯಿಬಿಟ್ಟು ಕೇಳಲಿ ಎಂದುಕೊಂಡೆ. ಉತ್ತರ ಬರೆಯದೆ ಅದರ ಕೆಳಗೆ ಎಣ್ಣೆ ಮಾಮನ ವಿಷಯ ಬರೆದೆ. ಶಾಲೆಗೆ ಹೊರಟಾಗ ಅವರ ಸಾಲು ಮತ್ತೆ ಕಣ್ಣಿಗೆ ಬಿತ್ತು. ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜಿಬಿಟ್ಟೆ, ನನ್ನ ಸಾಲೂ ಅದರ ಜೊತೆ ಹೋಯಿತು. ಕೈಯಲ್ಲಿ ಗಂಟಿತ್ತು; ಮೂರಕ್ಕೆ ಮೊದಲೇ ಬಂದುಬಿಡುತ್ತೇನಲ್ಲ ಎಂದು ಮತ್ತೆ ಬರೆಯಲಿಲ್ಲ. ಅಪ್ಪ ಭೇಟಿಗೆ ಒಪ್ಪದೆ ಜೈಲಿನ ಬಾಗಿಲಿನಿಂದ ಎರಡು ಸಲ ನೀನು ವಾಪಸಾದೆ, ಅವರಿಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ ಎಂದುಕೊಂಡೆ. ಸಿಟ್ಟಲ್ಲ ಮಗಳೇ, ತಮ್ಮ ಕೈಯಿಂದ ಹೀಗಾದ ಮೇಲೆ ನಿನಗೆ ಮುಖ ತೋರಿಸಲಾರರು. ಗುರುವಾರ ಬಾ, ಅವರಿಗೆ ಕಾಣುವ ಹಾಗೆ ಮುಂದಿನ ಬೆಂಚಿನಲ್ಲಿ ಕೂತುಕೋ. ಅವರು ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.